ಎರಡು ಬೆರಳಿನ ಸಂದು

ಹೊಂಗೆ ಎಣ್ಣೆ ಸವರಿದ ಚರ್ಮದ ವಾಸನೆ ಗೊತ್ತಿರುವವರು ಈಗ ಎಷ್ಟು ಜನ ಉಳಿದಿದ್ದಾರೋ ಕಾಣೆ. ಕಹಿಯಾದ, ಸ್ವಲ್ಪ ಕಮಟಾದ, ಕೈಗೆ ಹತ್ತಿದರೆ ಎರಡು ದಿನ ಬಿಡದ ವಾಸನೆ ಅದು. ಹೋದ ತಿಂಗಳು ಮನೆಗೆ ನಾಯಿಮರಿಯೊಂದು ಬಂತೆಂದು ಶಿರಾದ ಅಂಗಡಿಗೆ ಬೆಲ್ಟ್ ತರಲು ಹೋಗಿದ್ದೆ. ಅಂಗಡಿಯ ಭಾಯಿ ಒಂದೊಂದನ್ನೇ ಹರವಿ ಬುದ್ಧಿ ಹೇಳಿದ. "ಚೈನು ಬೇಡ ಮೇಡಂ, ಎಳೆದಷ್ಟೂ ಬಿಗೀತದೆ, ಮರಿ ಕತ್ತು ಬಿಲ್ಕುಲ್ ತಡೆಯಲ್ಲ. ಹಗ್ಗ ಹಿಡ್ಕೊಂಡು ತಿರುಗಾಡ್ಸಕ್ಕೆ ಈ ಎದೆ ಪಟ್ಟಿ ತಗೊಳ್ಳಿ." ಆಮೇಲೆ ಪ್ಲಾಸ್ಟಿಕ್ಕಿನ ಕೊಂಡಿ ಇದ್ದ ಇನ್ನೊಂದನ್ನು ಎತ್ತಿ ಜೋರಾಗಿ ಜಗ್ಗಿದ. ಕೊಂಡಿ ಟಕ್ಕೆಂದು ಬಿಟ್ಟುಕೊಂಡಿತು. "ಎಲ್ಲಾದ್ರೂ ಸಿಕ್ಕಾಕ್ಕೊಂಡ್ರೆ ತಾನೇ ಬಿಚ್ಕೊಂತದೆ. ಆದ್ರೆ ಇದಕ್ಕೆ ಹಗ್ಗ ಕಟ್ಟಬೇಡಿ, ನಾಯಿ ಓಡೋಗ್ತದೆ. ಹೊಸದಾಗಿ ಬಂದೈತೆ ಮೇಡಂ, ಹಳೇ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?" ಇತ್ತು ಭಾಯಿ, ನಮ್ಮ ಮನೆಯಲ್ಲಿತ್ತು ಅನ್ನಬೇಕೆನಿಸಿತು. ಆ ಕೊಂಡಿಯ ಪಟ್ಟಿಯನ್ನೂ ಒಂದು ಚರ್ಮದ ಬೆಲ್ಟನ್ನೂ ಕಟ್ಟಿಸಿಕೊಂಡು ಬಂದೆ. ಚರ್ಮ ಬಿರುಸಾಗಿದೆಯಲ್ಲ ಎಂದು ಹಳೆಯ ಅಭ್ಯಾಸದಂತೆ ಹೊಂಗೆ ಎಣ್ಣೆ ಸವರಿದೆ. ವಾಸನೆ ಎದ್ದಿತು ನೋಡಿ, ಹಿಂದೆಯೇ ನಮ್ಮ ಅಜ್ಜಿಯೂ ಬಂದು ಪಕ್ಕದಲ್ಲಿ ಕೂತಂತಾಯಿತು.

ನಮ್ಮದು ಹುಲಿಕುಂಟೆ ಕಡೆಯ ಒಂದು ಹಟ್ಟಿ. ಮನೆಯ ಹಿಂದೆಯೇ ಬಂಡೆಗಳ ಗುಡ್ಡ, ಬಂಡೆಗಳ ಸಂದಿನಲ್ಲಿ ಕಾರೆಮುಳ್ಳಿನ ಪೊದೆ, ಪೊದೆಗಳಲ್ಲಿ ಚಿರತೆ. ಮನೆಯ ಮುಂದೆ ಮುಳ್ಳುಬೇಲಿ ಕಟ್ಟಿದ ಕುರಿ ರೊಪ್ಪ. ಅಪ್ಪ ಮತ್ತು ಚಿಕ್ಕಪ್ಪ ಕುರಿಗಳ ಹಿಂದೆ, ಅವ್ವ ಹೊಲದಲ್ಲಿ. ನಾಯಿಗಳು ಅಜ್ಜಿಯ ಪಾಲಿಗೆ. ಅವಳು ವೈ.ಎನ್.ಹೊಸಕೋಟೆ ಕಡೆಯಿಂದ ಈ ಮನೆಗೆ ಸೊಸೆಯಾಗಿ ಬಂದವಳು. ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ನಮ್ಮನ್ನೂ ನಾಯಿಗಳನ್ನೂ ಒಟ್ಟಿಗೇ ಬೈಯುತ್ತಿದ್ದಳು. ಯಾವುದು ಯಾರಿಗೆಂದು ನಾವೇ ತಿಳಿದುಕೊಳ್ಳಬೇಕಿತ್ತು. ನನ್ನ ಕಿವಿಗೆ ಓಲೆ ಇತ್ತೋ ಇಲ್ಲವೋ, ನಮ್ಮ ನಾಯಿಗಳ ಕೊರಳು ಮಾತ್ರ ಬರಿದಾಗಿದ್ದುದನ್ನು ನಾನು ಕಾಣೆ. ಬಾಗಿಲ ಪಕ್ಕದ ಗೂಟದಲ್ಲಿ ಅವುಗಳ ಪಟ್ಟಿಗಳು ಸಾಲಾಗಿ ತೂಗುತ್ತಿದ್ದವು. ನಮ್ಮ ಶಾಲೆಯ ಚೀಲಕ್ಕೆ ಅಲ್ಲಿ ಜಾಗವಿರಲಿಲ್ಲ.

ಗುಡ್ಡಕ್ಕೆ ಹೋಗುವ ನಾಯಿಗೆ ಮುಳ್ಳುಪಟ್ಟಿ. ದಪ್ಪ ಚರ್ಮಕ್ಕೆ ಕುಲುಮೆಯಲ್ಲಿ ಮಾಡಿಸಿದ ಕಬ್ಬಿಣದ ಮೊಳೆ ಹೊಡೆದು, ಮೊನೆ ಹೊರಗೆ ಬರುವಂತೆ ಮಾಡಿ, ಒಳಗೆ ಕಂಬಳಿ ತುಂಡು ಹೊಲಿದಿರುತ್ತಿತ್ತು. ಚಿರತೆ ನಾಯಿಯನ್ನು ಹಿಡಿಯುವುದು ಕುತ್ತಿಗೆಗೇ. ಕಚ್ಚಿದರೆ ಅದರ ಬಾಯಿಗೇ ಮೊಳೆ. ಮನೆಯ ಹತ್ತಿರ ಕುರಿಗಳ ನಡುವೆ ಓಡಾಡುವ ನಾಯಿಗೆ ಸಣ್ಣ ಹಿತ್ತಾಳೆ ಗಂಟೆ ಕಟ್ಟಿದ ಉಣ್ಣೆಯ ಹುರಿ. ಮರಿಗಳಿಗೆ ಹಳೇ ಸೀರೆಯ ಪಟ್ಟಿ. ಕುತ್ತಿಗೆ ಬೆಳೆಯುತ್ತದೆ ಎಂದು ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ ಅದನ್ನು ಬಿಚ್ಚಿ ಕಟ್ಟುವುದು. ಎಳೆದರೆ ಬಿಗಿಯುವ ಕುಣಿಕೆ ಮಾತ್ರ ನಮ್ಮ ಮನೆಯಲ್ಲಿ ಯಾವ ಪ್ರಾಣಿಗೂ ಹಾಕುವಂತಿರಲಿಲ್ಲ. ಏನೇ ಕಟ್ಟಿದರೂ ಅಜ್ಜಿ ಕೊನೆಗೆ ತನ್ನ ಎರಡು ಬೆರಳನ್ನು ಪಟ್ಟಿಗೂ ಕುತ್ತಿಗೆಗೂ ನಡುವೆ ತೂರಿಸಿ ನೋಡುತ್ತಿದ್ದಳು. "ಒಂದು ಬೆರಳು ಹೋದ್ರೆ ಉಸಿರು ಕಟ್ತದೆ, ಮೂರು ಹೋದ್ರೆ ಎಲ್ಲಾದ್ರೂ ಸಿಕ್ಕಾಕ್ಕಂತದೆ. ಎರಡೇ ಕಣಮ್ಮಿ," ಎನ್ನುತ್ತಿದ್ದಳು. ಅಂಗಳಕ್ಕೆ ಬಂದ ನಾಯಿಯ ಮುಳ್ಳುಪಟ್ಟಿಯನ್ನು ಮೊದಲು ಬಿಚ್ಚಬೇಕು, ಇಲ್ಲದಿದ್ದರೆ ಕುರಿಮರಿಗೋ ಮಕ್ಕಳಿಗೋ ಚುಚ್ಚುತ್ತದೆ. ತಿರುಗಿ ಗುಡ್ಡಕ್ಕೆ ಹೊರಟಾಗ ಮರೆಯದೆ ಕಟ್ಟಬೇಕು. ಶಾಲೆಗೆ ರಜೆ ಇದ್ದ ದಿನ ಈ ಬಿಚ್ಚಿ ಕಟ್ಟುವ ಕೆಲಸ ನನ್ನದು.

ಕೆಂಚ ಎಂಬ ನಾಯಿ ನನ್ನದು. ಹಾಗೆಂದು ಯಾರೂ ಹೇಳಿರಲಿಲ್ಲ, ನಾನೇ ಅಂದುಕೊಂಡಿದ್ದೆ. ಮಣ್ಣಿನ ಬಣ್ಣದ, ಉದ್ದ ಕಾಲಿನ, ಒಂದು ಕಿವಿ ಮಡಿಚಿಕೊಂಡ ನಾಯಿ. ನನಗೆ ಒಂಬತ್ತು ತುಂಬಿದ ವರ್ಷದ ಬೇಸಿಗೆಯಲ್ಲಿ ಅದೊಂದು ಮಧ್ಯಾಹ್ನ ಗುಡ್ಡದಿಂದ ನೀರಿಗೆಂದು ಮನೆಗೆ ಬಂತು. ಮುಳ್ಳುಪಟ್ಟಿ ಬಿಚ್ಚಿದೆ. ಕುತ್ತಿಗೆಯಲ್ಲಿ ಪಟ್ಟಿ ಉಜ್ಜಿ ಕೆಂಪಗೆ ಗಾಯವಾಗಿತ್ತು. ನಾನು ಅರಿಸಿನ ಮೆತ್ತಿದೆ, ಮುದ್ದೆ ಹಾಕಿದೆ, ಅದು ನನ್ನ ಅಂಗೈ ನೆಕ್ಕಿತು. ಮತ್ತೆ ಆ ಭಾರದ ಮೊಳೆಪಟ್ಟಿ ಕಟ್ಟಲು ನನಗೆ ಮನಸ್ಸೇ ಬರಲಿಲ್ಲ. ಅಜ್ಜಿ ಹಿತ್ತಲಲ್ಲಿದ್ದಳು. ಗೂಟದಿಂದ ಗಂಟೆಯ ಹುರಿ ತೆಗೆದು ಕಟ್ಟಿಬಿಟ್ಟೆ. ಗಾಯಕ್ಕೆ ತಗಲದಿರಲಿ ಎಂದು ಎರಡು ಬೆರಳಲ್ಲ, ನಾಲ್ಕು ಬೆರಳು ಸಡಿಲ ಬಿಟ್ಟೆ. ಬಿಚ್ಚಿಕೊಳ್ಳದಿರಲಿ ಎಂದು ಗಂಟಿನ ಮೇಲೆ ಗಂಟು ಹಾಕಿದೆ. ಕೆಂಚ ಗಂಟೆ ಆಡಿಸಿಕೊಂಡು ಗುಡ್ಡ ಹತ್ತಿದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ.

ಆ ಸಂಜೆ ಕುರಿಗಳು ಚೆಲ್ಲಾಪಿಲ್ಲಿಯಾಗಿ ಓಡಿ ಬಂದವು. ಒಂದು ಕುರಿ ಕಡಿಮೆಯಿತ್ತು. ಬಂಡೆಯ ಬುಡದಲ್ಲಿ ಚಿರತೆಯ ಹೆಜ್ಜೆ, ರಕ್ತ. ಕೆಂಚ ಚಿರತೆಯ ಹಿಂದೆಯೇ ಪೊದೆಗೆ ನುಗ್ಗಿದ್ದನ್ನು ದೂರದಿಂದ ಕಂಡಿದ್ದಾಗಿ ಚಿಕ್ಕಪ್ಪ ಹೇಳಿದ. ಕೆಂಚ ಬರಲಿಲ್ಲ. ಹೊತ್ತು ಮುಳುಗಿ, ಗಾಳಿ ನಿಂತು, ಅಪ್ಪ ಕುರಿಗಳನ್ನು ರೊಪ್ಪಕ್ಕೆ ಕೂಡಲು "ಹುರ್ರೋ" ಎಂದು ಕೂಗಿದಾಗ ಗುಡ್ಡದ ಮೇಲಿನಿಂದ ಗಂಟೆ ಕೇಳಿಸಿತು. ಮೂರು ಸಲ ಸಣ್ಣಗೆ. ಅಪ್ಪ ಕೂಗು ನಿಲ್ಲಿಸಿದ, ಗಂಟೆಯೂ ನಿಂತಿತು. ಮತ್ತೆ ಕೂಗಿದ, ಮತ್ತೆ ಮೂರು ಸಲ. ನಾನು "ಕೆಂಚಾ" ಎಂದು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಬಂದು ಬಾಯಿ ಮುಚ್ಚಿದಳು. ಅವಳ ಕೈಯಲ್ಲೂ ಹೊಂಗೆ ಎಣ್ಣೆಯ ವಾಸನೆ. "ವದ್ದು ಕಣಮ್ಮಿ, ಓಗೊಡಬ್ಯಾಡ. ಅದು ಕೆಂಚ ಅಲ್ಲ. ನಾಯಿ ತಿಂದ ಚಿರತೆ ಅದರ ಗಂಟೆ ಹಾಕ್ಕಂಡು ಉಳಿದೋರನ್ನ ಕರೀತದೆ." ಅವಳ ತವರಿನಲ್ಲಿ ಹಾಗೆ ಗಂಟೆಗೆ ಓಗೊಟ್ಟು ಹೋದ ಒಬ್ಬ ತಿರುಗಿ ಬರಲಿಲ್ಲವಂತೆ. ಅದು ಅವಳ ತವರಿನ ನಂಬಿಕೆ, ನಮ್ಮ ಮನೆಗೆ ಬಂದು ನಮ್ಮದೂ ಆಗಿತ್ತು. ಚಿಕ್ಕಪ್ಪ ಮಾತ್ರ ಅನುಮಾನದಿಂದ, "ಲೇ, ಕೆಂಚಂಗೆ ಮುಳ್ಳುಪಟ್ಟಿ ಅಲ್ವೇನ್ಲಾ ಕಟ್ಟೋದು, ಗಂಟೆ ಎಲ್ಲಿಂದ ಬಂತು?" ಎಂದು ಯಾರನ್ನೋ ಕೇಳುವವನಂತೆ ಕೇಳಿದ. ನಾನು ಅಜ್ಜಿಯ ಸೆರಗಿನಲ್ಲಿ ಮುಖ ಹುದುಗಿಸಿದೆ. ನಾನು ಬಾಯಿಬಿಡಬೇಕಿದ್ದುದು ಆಗ.

ಮಾರನೆಯ ಸಂಜೆ ಗಂಟೆ ಮತ್ತೆ ಕೇಳಿಸಿತು, ಅದೇ ಜಾಗದಿಂದ. ಹಗಲಲ್ಲಿ ಕುರಿಗಳನ್ನು ಆ ಕಡೆಗೆ ಬಿಡದೆ ಮದಲೂರು ದಿಕ್ಕಿಗೆ ಹೊಡೆದುಕೊಂಡು ಹೋಗಿದ್ದರು. ಅಪ್ಪ ಕೂಗುವುದನ್ನು ಬಿಟ್ಟು ಕೋಲಿನಲ್ಲೇ ಕುರಿ ಕೂಡಿದ. ಆದರೂ ಅವ್ವ ಕೊಡ ಇಳಿಸಿದ ಸದ್ದಿಗೆ, ನಾನು ಕೆಮ್ಮಿದ್ದಕ್ಕೆ, ಗುಡ್ಡ ಗಂಟೆ ಆಡಿಸಿ ಉತ್ತರ ಕೊಡುತ್ತಿತ್ತು. ಬಾಗಿಲು ಹಾಕಿಕೊಂಡು ಎಲ್ಲರೂ ಪಿಸುಮಾತಿನಲ್ಲಿ ಉಂಡೆವು. ಉಳಿದ ಎರಡು ನಾಯಿಗಳು ಗುಡ್ಡದ ಕಡೆಗೆ ಮುಖ ಮಾಡಿ ಕೂತು, ಬೊಗಳದೆ, ಕುಂಯ್ ಎನ್ನುತ್ತಿದ್ದವು. ಚಿರತೆಗೆ ಹೆದರಿವೆ ಎಂದಳು ಅಜ್ಜಿ. ನಾಯಿಗಳಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಮೂರನೆಯ ಸಂಜೆ ಗಂಟೆ ಎರಡೇ ಸಲ ಆಡಿತು. ನಾಲ್ಕನೆಯ ಸಂಜೆ ಒಂದು ಸಲ, ಅದೂ ಕೇಳಿಸಿತೋ ಇಲ್ಲವೋ ಎಂಬಷ್ಟು. ಐದನೆಯ ಸಂಜೆ ಏನೂ ಇಲ್ಲ. ಅಜ್ಜಿ ದೇವರ ಮುಂದೆ ದೀಪ ಹಚ್ಚಿ, "ಹೋಯ್ತು ಬುಡು, ಬ್ಯಾರೆ ಕಡೀಕೆ ಹೋಯ್ತು," ಎಂದು ಕೈಮುಗಿದಳು.

ಹದಿನೈದು ದಿನದ ಮೇಲೆ ಸೌದೆಗೆ ಹೋದ ಚಿಕ್ಕಪ್ಪ ಕೈಯಲ್ಲಿ ಗಂಟೆಯ ಹುರಿ ಹಿಡಿದುಕೊಂಡು ಬಂದ. ಅದನ್ನು ಜಗಲಿಯ ಮೇಲೆ ಇಟ್ಟು, ಪೊದೆಯಲ್ಲಿ ಕಂಡದ್ದನ್ನು ಹೇಳಿದ. ಚಿರತೆ ಕೆಂಚನನ್ನು ಮುಟ್ಟಿಯೇ ಇರಲಿಲ್ಲ. ಪೊದೆಯೊಳಗೆ ನುಗ್ಗುವಾಗ ಕಾರೆಗಿಡದ ಮೋಟು ಕೊಂಬೆಯೊಂದು ಸಡಿಲ ಹುರಿಯೊಳಗೆ ತೂರಿಕೊಂಡಿತ್ತು. ಬಿಡಿಸಿಕೊಳ್ಳಲು ಸುತ್ತಿದ ಹಾಗೆಲ್ಲ ಹುರಿ ತಿರುಚಿ ಬಿಗಿದಿತ್ತು. ಬೊಗಳಲು ಗಂಟಲಿನಲ್ಲಿ ದನಿ ಇರಲಿಲ್ಲ. ಅಪ್ಪನ ಕೂಗು ಕೇಳಿದಾಗ ತಲೆ ಆಡಿಸುವುದಷ್ಟೇ ಅದಕ್ಕೆ ಉಳಿದಿದ್ದುದು. ಮನೆಯಿಂದ ಆ ಪೊದೆಗೆ ಒಂದು ಕೂಗಿನ ದೂರ. ನಾಲ್ಕು ದಿನ ಅದು ನಮ್ಮನ್ನು ಕರೆದಿತ್ತು. ನಾವು ಬಾಗಿಲು ಹಾಕಿಕೊಂಡಿದ್ದೆವು.

"ಯಾವನ್ಲಾ ಇಂಗೆ ಕಟ್ಟಿದ್ದು?" ಎಂದು ಅಪ್ಪ ಎಲ್ಲರ ಮುಖ ನೋಡಿದ. ಅಜ್ಜಿ ಹುರಿಯನ್ನು ಕೈಗೆ ತೆಗೆದುಕೊಂಡಳು. ಅವಳ ಕಣ್ಣಿಗೆ ಆಗಲೇ ಪೊರೆ ಬಂದಿತ್ತು, ಬೆರಳಿನಿಂದಲೇ ಗಂಟನ್ನು ತಡವಿದಳು. ಒಂದರ ಮೇಲೊಂದು ಹಾಕಿದ ಹೆಣ್ಣುಮಗುವಿನ ಗಂಟು. ನಾನು ಕುಳಿತಿದ್ದ ಕಡೆ ಮುಖ ತಿರುಗಿಸಿದಳು. ಆಮೇಲೆ, "ನಾನೇ ಕಣ್ಲಾ. ಕಣ್ಣು ಕಾಣ್ದೆ ಕಟ್ಬುಟ್ಟೆ," ಎಂದಳು. ಅಪ್ಪ ಎದ್ದು ಹೋದ. ಅಜ್ಜಿ ಕಟ್ಟಿದ ಗಂಟು ಹೇಗಿರುತ್ತದೆಂದು ಗೊತ್ತಿದ್ದ ಮನೆಯಲ್ಲಿ ಆ ಮಾತನ್ನು ಯಾರೂ ನಂಬಿರಲಾರರು. ಯಾರೂ ಎದುರಾಡಲೂ ಇಲ್ಲ.

ಅಂದಿನಿಂದ ಅವಳು ಎಲ್ಲ ನಾಯಿಗಳ ಗಂಟೆ ಬಿಚ್ಚಿ ಹಾಕಿದಳು. ಪಟ್ಟಿಗಳನ್ನೆಲ್ಲ ಕೊಯ್ದು, ಎರಡು ತುದಿಗಳನ್ನು ಸಣ್ಣ ಹತ್ತಿನೂಲಿನಿಂದ ಸೇರಿಸಿ ಹೊಲಿದಳು. ಒಂದೊಂದನ್ನೂ ಬಾಗಿಲ ಮೊಳೆಗೆ ಸಿಕ್ಕಿಸಿ ಮೈಭಾರ ಬಿಟ್ಟು ಜಗ್ಗುತ್ತಿದ್ದಳು. ನೂಲು ಪಟ್ಟೆಂದು ಹರಿದರೆ ಸರಿ, ಹರಿಯದಿದ್ದರೆ ಇನ್ನೊಂದು ಎಳೆ ಕಡಿಮೆ ಮಾಡುತ್ತಿದ್ದಳು. ಕಟ್ಟಿಹಾಕುವಾಗ ಹಗ್ಗಕ್ಕೆ ಬೇರೆಯೇ ಗಟ್ಟಿ ಪಟ್ಟಿ. ಹಟ್ಟಿಯವರು ಮುದುಕಿಗೆ ಅರಳುಮರಳು ಎಂದು ನಕ್ಕರು. ದಿನಕ್ಕೊಂದು ಪಟ್ಟಿ ಹರಿದುಕೊಂಡು ಬರುವ ನಾಯಿಗಳು ನಮ್ಮವು ಮಾತ್ರ ತಾನೆ. ಅವಳು ದಿನವೂ ಹೊಲಿದಳು. ಸಂಜೆ ನಾಯಿಗಳು ಸದ್ದಿಲ್ಲದೆ ಬಂದು ಅಂಗಳದಲ್ಲಿ ನಿಂತಿರುತ್ತಿದ್ದವು. ತಿರುಗಿ ನೋಡಿದಾಗಲೇ ಬೆನ್ನ ಹಿಂದೆ ಇವೆ ಎಂದು ಗೊತ್ತಾಗುತ್ತಿದ್ದುದು. ಎಣಿಸಿದರೆ ಒಂದು ಹೆಚ್ಚಿದ್ದಂತೆ ನನಗೆ ಎಷ್ಟೋ ಸಲ ಅನ್ನಿಸಿದೆ.

ಈಗ ಆ ಮನೆ ಇಲ್ಲ. ರೊಪ್ಪವಿದ್ದ ಜಾಗದಲ್ಲಿ ಯಾರದೋ ದಾಳಿಂಬೆ ತೋಟ. ಅಜ್ಜಿ ಹೋದದ್ದು ನನಗೆ ಟೀಚರ್ ಕೆಲಸ ಸಿಕ್ಕಿದ ವರ್ಷ. ಕುರಿಗಳನ್ನು ಆಗಲೇ ಮಾರಿಯಾಗಿತ್ತು, ನಾಯಿಗಳೂ ಇರಲಿಲ್ಲ. ಕೊನೆಯ ದಿನ ಮಧ್ಯಾಹ್ನ ಅವಳ ಕೈ ಹಿಡಿದುಕೊಂಡು, ಅಷ್ಟು ವರ್ಷ ನುಂಗಿಕೊಂಡಿದ್ದನ್ನು ಹೇಳಿದೆ. "ಅಜ್ಜಿ, ಆ ಗಂಟು ನಂದು."

"ಗೊತ್ತು ಕಣಮ್ಮಿ. ನೀನು ನಾಕು ಬೆರಳು ಬುಟ್ಟಿದ್ದೆ. ನೀನು ಕಟ್ಟಿದ್ದು ಗಂಟು ಅಷ್ಟೇ. ಓಗೊಡಬ್ಯಾಡ ಅಂದೋಳು ನಾನು."

ಹೊತ್ತು ಮುಳುಗುವಾಗ ಅವಳು ಇದ್ದಕ್ಕಿದ್ದಂತೆ ಗುಡ್ಡದ ಕಡೆ ತಲೆ ತಿರುಗಿಸಿದಳು. ಪೊರೆ ತುಂಬಿದ ಕಣ್ಣು ಅಗಲವಾಯಿತು. "ವಸ್ತಾನು ರಾ, ಕೆಂಚಾ," ಎಂದಳು. ಬರ್ತೀನಿ ಕಣೋ ಎಂದು ತವರಿನ ಮಾತಿನಲ್ಲಿ. "ವಸ್ತಾನು." ಹಟ್ಟಿಯಲ್ಲಿ ಆಗ ಒಂದು ಗಂಟೆಯೂ ಇರಲಿಲ್ಲ. ನನಗೂ ಕೇಳಿಸಿತು, ಮೂರು ಸಲ. ನೀವು ನಂಬಬೇಕೆಂದೇನೂ ಇಲ್ಲ.

ಮರಿಗೆ ಈಗ ಹದಿನೈದು ದಿನಕ್ಕೊಮ್ಮೆ ಬೆಲ್ಟ್ ಸಡಿಲಿಸುತ್ತೇನೆ, ಎರಡು ಬೆರಳು ತೂರಿಸಿ ನೋಡುತ್ತೇನೆ. ಸಂಜೆ ಹೊತ್ತಿನಲ್ಲಿ ಬೀದಿಯಲ್ಲಿ ಎಲ್ಲಾದರೂ ಗಂಟೆ ಕೇಳಿಸಿದರೆ, ಐಸ್ ಗಾಡಿಯದೋ ಮೇಕೆಯದೋ ಇರಲಿ, ಮಾಡುತ್ತಿದ್ದ ಕೆಲಸ ಬಿಟ್ಟು ಬಾಗಿಲು ತೆಗೆದು "ಓ" ಎನ್ನುತ್ತೇನೆ. ಯಾರನ್ನ ಕರೆದ್ರಿ ಮಿಸ್ ಎಂದು ಎದುರು ಮನೆಯಾಕೆ ಕೇಳುತ್ತಾಳೆ. ನಾಯೀನ ಎನ್ನುತ್ತೇನೆ. ಮರಿ ನನ್ನ ಕಾಲ ಹತ್ತಿರವೇ ಕೂತಿರುತ್ತದೆ.