ಮಾತಾಡಿಸಲು ಬಂದವರು

ಎಂ.ಎ. ಎರಡನೇ ವರ್ಷದಲ್ಲಿ ನನಗೆ ಏನೂ ಅನಿಸದಂತಾಯಿತು. ದುಃಖವಾಗಿದ್ದರೆ ಹೇಳಿಕೊಳ್ಳಲು ಒಂದು ಹೆಸರಾದರೂ ಇರುತ್ತಿತ್ತು. ಸಿಂದಗಿ ರಸ್ತೆಯ ನಮ್ಮ ಕ್ಯಾಂಪಸ್ಸಿನ ಹಾಸ್ಟೆಲಿನಲ್ಲಿ ಏಳುತ್ತಿದ್ದೆ, ರೊಟ್ಟಿ ಮುರಿಯುತ್ತಿದ್ದೆ, ಮತ್ತೆ ಮಲಗುತ್ತಿದ್ದೆ. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಖಾರವಾಗಿದೆಯೆಂದು ನಾಲಿಗೆಗೆ ತಿಳಿಯುತ್ತಿತ್ತು, ನನಗೆ ತಿಳಿಯುತ್ತಿರಲಿಲ್ಲ. ಕ್ಲಾಸಿಗೆ ಹೋಗುವುದನ್ನೂ ಬಿಟ್ಟೆ.

ಕ್ಯಾಂಪಸ್ಸಿನ ಆರೋಗ್ಯ ಕೇಂದ್ರದಲ್ಲಿ, ಬಿ.ಪಿ. ನೋಡುವ ಕೋಣೆಯ ಪಕ್ಕ, ಆಪ್ತ ಸಮಾಲೋಚನೆಯ ಕೋಣೆಯೊಂದಿತ್ತು. ಬಾಗಿಲಿಗೆ ನಗುವ ಸೂರ್ಯನ ಚಿತ್ರ ಅಂಟಿಸಿ, ಕೆಳಗೆ ‘ಮನಸ್ಸು ಬಿಚ್ಚಿ ಮಾತಾಡಿ’ ಎಂದು ಬರೆದಿದ್ದರು. ಆ ಸೂರ್ಯನನ್ನು ಕಂಡರೆ ನನಗಾಗುತ್ತಿರಲಿಲ್ಲ. ನನ್ನ ಕೋಣೆಯ ಗೆಳತಿಯೇ ಕೈ ಹಿಡಿದು ಎಳೆದುಕೊಂಡು ಹೋಗಿ ಒಳಗೆ ಕೂರಿಸಿದಳು. ಅಲ್ಲಿದ್ದ ಮೇಡಂ ಮುದ್ದೇಬಿಹಾಳದ ಕಡೆಯವರು.

“ಹ್ಯಾಂಗ ಅದಿ ತಂಗಿ?”

“ಆರಾಮ ಅದೇನಿ ರೀ.”

ನಮ್ಮ ಕಡೆ ಈ ಪ್ರಶ್ನೆಗೆ ಇರುವುದು ಇದೊಂದೇ ಉತ್ತರ. ಸಲೈನ್ ಹಚ್ಚಿಕೊಂಡು ಮಲಗಿದವರೂ ಹೀಗೇ ಹೇಳುತ್ತಾರೆ. ಮೇಡಂ ಕೆದಕಲಿಲ್ಲ. “ಮಾತಾಡ್ಬೇಕಂತೇನಿಲ್ಲ. ಸುಮ್ಮನ ಕೂಡ್ರಾಕೂ ಬರಬಹುದು,” ಎಂದರು.

ಪ್ರತಿ ಸೋಮವಾರ ಹೋಗಿ ಸುಮ್ಮನೆ ಕುಳಿತೆ. ಅವರೂ ಸುಮ್ಮನಿರುತ್ತಿದ್ದರು. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಸುಮ್ಮನೆ ಕೂತರೆ ಯಾರಾದರೊಬ್ಬರು ಮೊರ ತಂದು ಮುಂದಿಡುತ್ತಾರೆ. ಹಾಗಾಗಿ ಆ ಕುರ್ಚಿಯ ಮೇಲೆ ನನಗೊಂದು ಆಸೆ ಹುಟ್ಟಿತು. ಆ ದಿನಗಳಲ್ಲಿ ನನಗಿದ್ದ ಆಸೆ ಅದೊಂದೇ. ಬರುಬರುತ್ತಾ ಗಂಟಲಿನವರೆಗೆ ಮಾತು ಬಂದು ನಿಲ್ಲತೊಡಗಿತು.

ಅಷ್ಟರಲ್ಲಿ ಗೆಳತಿ ನನ್ನ ಮೇಲಿನ ಪ್ರೀತಿಯಿಂದಲೇ ಅವ್ವನಿಗೆ ಫೋನು ಮಾಡಿದಳು. “ಕಾಕಿ, ಆಕಿಗೆ ಆರಾಮಿಲ್ರಿ. ದವಾಖಾನಿಗೆ ಹೋಗಾಕತ್ತಾಳ.”

ನಮ್ಮಲ್ಲಿ ಯಾರಿಗಾದರೂ ಆರಾಮಿಲ್ಲವೆಂದರೆ ಬಳಗದವರೆಲ್ಲ ‘ಮಾತಾಡಿಸಲು’ ಹೋಗಲೇಬೇಕು. ಹೋಗದವರ ಹೆಸರು ಮುಂದಿನ ಮದುವೆಯ ಊಟದ ಪಂಕ್ತಿಯಲ್ಲಿ ಆಡಿಕೊಳ್ಳುವ ಮಾತಿಗೆ ಬರುತ್ತದೆ. ಮುಂದಿನ ಸೋಮವಾರ ನಾನು ಮೇಡಂ ಎದುರು ಕುಳಿತಿದ್ದಾಗ ಹೊರಗೊಂದು ಕ್ರೂಸರ್ ಗಾಡಿ ಬಂದು ನಿಂತಿತು. ಮನಗೂಳಿ ಹತ್ತಿರದ ನಮ್ಮೂರಿಂದ ಅವ್ವ ಮತ್ತು ದೊಡ್ಡಪ್ಪ, ತಂಗಡಗಿಯ ಅತ್ತೆ, ಇಂಡಿ ಊರಿನ ಸೋದರಮಾವ, ಜೊತೆಗೆ ಗಾಡಿಯಲ್ಲಿ ಜಾಗ ಇದೆಯೆಂದು ಹತ್ತಿದವರು. ಬಾಳೆಹಣ್ಣು, ಬ್ರೆಡ್ಡು, ಬಿಸ್ಕೀಟು ಎಲ್ಲವೂ ಬಂದವು. ಮಾವ ಒಂದು ಚೀಲ ನಿಂಬೆಹಣ್ಣು ತಂದಿದ್ದ. ಕುಡಿದರೂ ಸರಿ, ನಿವಾಳಿಸಿದರೂ ಸರಿ, ನಿಂಬೆಹಣ್ಣಿನಿಂದ ಹೋಗದ ಜಡ್ಡಿಲ್ಲವೆಂದು ಅವನ ನಂಬಿಕೆ.

ಎಲ್ಲರೂ ಒಳಗೇ ನುಗ್ಗಿದರು. ಕುರ್ಚಿ ಸಾಲದೆ ಮೇಡಂ ಮೇಜಿನ ಅಂಚಿಗೂ ಒಬ್ಬರು ಒರಗಿದರು. ತೊಗರಿಯ ಮಾತಾಯಿತು, ಕಾಲುವೆಗೆ ನೀರು ಬಿಟ್ಟ ಮಾತಾಯಿತು, ನಿಡಗುಂದಿಯಲ್ಲಿ ಬಸ್ಸು ತಪ್ಪಿಸಿಕೊಂಡ ಅತ್ತೆಯ ಕಥೆಯಾಯಿತು. ನನ್ನನ್ನು ಮಾತಾಡಿಸುವುದನ್ನು ಮಾತ್ರ ಎಲ್ಲರೂ ಮರೆತಿದ್ದರು. ಕೊನೆಗೆ ಅತ್ತೆ ದನಿ ತಗ್ಗಿಸಿ, “ಇಂಥಾ ಖೋಲಿಗೆ ಬಂದಾಳಂತ ಗೊತ್ತಾದ್ರ ನಾಳೆ ಬೀಗರು ಸಿಗತಾರೇನು?” ಎಂದಳು.

ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ದೊಡ್ಡಪ್ಪ ಹೇಳಿದ್ದೇ ಆಗುತ್ತಿತ್ತು. “ಕಲತದ್ದು ಸಾಕು. ಬ್ಯಾಗ್ ತಗೊಂಡು ಬಾ, ಮನಿಗೆ ಹೋಗೂಣು,” ಎಂದ. ಓದು ಹೋಗುತ್ತದೆ, ಆ ಕುರ್ಚಿಯೂ ಹೋಗುತ್ತದೆ ಎಂದು ನನಗೆ ಗೊತ್ತಾಯಿತು. ಒಲ್ಲೆ ಎನ್ನುವಷ್ಟು ಜೀವ ನನ್ನಲ್ಲಿರಲಿಲ್ಲ. ಎದ್ದು ನಿಂತೆ.

ಮೇಡಂ, “ಹೊರಗ ಕ್ಯಾಂಟೀನ್ ಐತ್ರಿ, ಎಲ್ಲಾರೂ ಚಾ ಕುಡದು ಬರ್ರಿ. ಇವರವ್ವ ಅಷ್ಟ ಇರಲಿ,” ಎಂದರು. ಚಹಾ ಎಂದ ಮೇಲೆ ನಮ್ಮವರು ತಡಮಾಡುವುದಿಲ್ಲ. ಬಾಗಿಲು ಮುಚ್ಚಿತು. ಅವ್ವ ಕುರ್ಚಿಯ ತುದಿಯಲ್ಲಿ ಕುಳಿತಳು.

“ನೀವು ಹ್ಯಾಂಗ ಅದೀರಿ?”

“ನನಗೇನಾಗೈತ್ರಿ? ಆರಾಮ ಅದೇನಿ.”

ಮೇಡಂ ಸುಮ್ಮನಾದರು. ಆ ಮೌನ ನನಗೆ ಪರಿಚಯವಿತ್ತು, ಅವ್ವನಿಗಿರಲಿಲ್ಲ. ಅವಳು ಸೆರಗಿನ ಅಂಚು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಆಮೇಲೆ ನೆಲ ನೋಡುತ್ತಲೇ ಹೇಳಿದಳು.

“ಇವರಪ್ಪ ಹ್ವಾದಾಗ ಊರಿಗೆ ಊರೇ ಮಾತಾಡಸಾಕ ಬಂದಿತ್ರಿ. ಎಲ್ಲಾರೂ ಮಾತಾಡಿದ್ರು. ನಾನೊಬ್ಬಾಕಿ ಮಾತಾಡಲಿಲ್ಲ. ಆಮ್ಯಾಲೆ ಯಾರೂ ಕೇಳಲಿಲ್ಲ, ನಾ ಹೇಳಲೂ ಇಲ್ಲ. ಉಂಡದ್ದು ರೊಟ್ಟಿನೋ ಮಣ್ಣೋ ಇನ್ನಾ ಗೊತ್ತಾಗೂದಿಲ್ರಿ.”

ಅಪ್ಪ ಹೋಗಿ ಆಗ ಎಷ್ಟೋ ವರ್ಷಗಳಾಗಿದ್ದವು. ಅಷ್ಟೂ ವರ್ಷ ಅವಳು ನನ್ನ ಎದುರಿಗೇ ಕೂತು ಉಂಡಿದ್ದಳು.

ಹೊರಗೆ ಬಂದವಳೇ, “ಭಾವಾರ, ಆಕಿ ಬರೂದಿಲ್ಲ. ಇಲ್ಲೇ ಕಲೀತಾಳ,” ಎಂದಳು. ದೊಡ್ಡಪ್ಪನಿಗೆ ಅವಳು ಎದುರಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ, ಅವನೂ ಕಂಡಿರಲಿಲ್ಲ. ಕೈಯಲ್ಲಿ ಚಹಾ ಹಿಡಿದು ಅವಳನ್ನೇ ನೋಡಿದ, ಆಮೇಲೆ ಕಪ್ಪು ಕೆಳಗಿಟ್ಟು ಗಾಡಿಯ ಕಡೆ ನಡೆದ.

ಎಲ್ಲರೂ ಗಾಡಿ ಹತ್ತಿದರು. ಮಾವ ನಿಂಬೆಹಣ್ಣಿನ ಚೀಲವನ್ನು ನನ್ನ ಕೈಗೇ ತುರುಕಿದ. ಅವ್ವ ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟವಳು ಮತ್ತೆ ಇಳಿದು ನನ್ನ ಹತ್ತಿರ ಬಂದಳು.

“ಆ ಮೇಡಮ್ಮಾರು ಊರ ಮಂದಿಗೂ ಸಿಗತಾರೇನ?”

“ಇಲ್ಲವ್ವ. ಇಲ್ಲಿ ಕಲಿಯೋರಿಗಷ್ಟ.”

“ಹೌದೇನು,” ಎಂದಳು. ಸೆರಗು ಸರಿಪಡಿಸಿಕೊಂಡು ಗಾಡಿ ಹತ್ತಿದಳು. ಕಿಟಕಿಯಿಂದ ಅತ್ತೆ ಏನೋ ಕೇಳಿದ್ದಕ್ಕೆ, “ಏನಿಲ್ಲ, ಆರಾಮ ಅದೇನಿ,” ಎನ್ನುವುದು ಕೇಳಿಸಿತು.

ಗಾಡಿ ಗೇಟು ದಾಟುವವರೆಗೂ ಚೀಲ ಹಿಡಿದುಕೊಂಡು ನಿಂತಿದ್ದೆ. ಆಮೇಲೆ ಅಲ್ಲೇ ಕುಳಿತು ಅತ್ತುಬಿಟ್ಟೆ. ಆ ವರ್ಷ ನಾನು ಅತ್ತದ್ದು ಅದೇ ಮೊದಲು, ಅದೂ ಅವ್ವನಿಗಾಗಿ.