ಕಿಂಡಿಯಲ್ಲಿ ಕಂಡ ಕಲ್ಲಿನ ಬಳೆ

ಹಳೆಯ ಲಗ್ನಪತ್ರಿಕೆಯ ನಡುವೆ ಎಂಟಾಣೆಯಷ್ಟು ಅಗಲದ ಕಿಂಡಿ ಕತ್ತರಿಸಿ, ಅದನ್ನು ಕ್ಯಾಲೆಂಡರ್ ಚಿತ್ರದ ಮೇಲಿಟ್ಟು, ಕಂಡಷ್ಟರಲ್ಲೇ ಅದು ಯಾವ ಕಟ್ಟಡ, ಯಾವ ಕಲಾಕೃತಿ ಎಂದು ಹೇಳುವುದು ನಮ್ಮ ಮನೆಯ ಆಟ. ಹೆಸರು ಹೇಳಿದರೆ ಸಾಲದು, ಆ ತುಣುಕು ಯಾವ ಭಾಗದ್ದು ಎಂದೂ ಹೇಳಬೇಕು. ಅಕ್ಕ ಈ ಆಟದಲ್ಲಿ ಸೋತದ್ದನ್ನು ನಾನು ನೋಡಿಲ್ಲ. ಹಾಗೆಂದು ನನ್ನ ನೆನಪು.

ಈಚೆಗೆ ಅದೇ ಆಟದಿಂದ ಅವಳನ್ನು ಪರೀಕ್ಷಿಸಲು ಹೊರಟೆ. ಅಕ್ಕ ಹನೂರಿನ ಕಡೆಯ ಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿ. ಸ್ಕೂಟರಿನಿಂದ ಬಿದ್ದು, ತಲೆಗೆ ಪೆಟ್ಟಾಗಿ, ಮೂರು ತಿಂಗಳಿಂದ ರಜೆಯಲ್ಲಿದ್ದಳು. ಸೋಮವಾರ ಕೆಲಸಕ್ಕೆ ಹೋಗಬಹುದೆಂದು ಡಾಕ್ಟರು ಹೇಳಿದ್ದರೂ ಭಾವನಿಗೆ ಧೈರ್ಯವಿಲ್ಲ. ಸ್ವಯಂ ನಿವೃತ್ತಿಯ ಅರ್ಜಿ ಬರೆಸಿಟ್ಟಿದ್ದರು.

"ಒಲೆ ಮೇಲೆ ಹಾಲಿಟ್ಟು ಮರೀತಾಳೆ ಕಣಪ್ಪ. ನೀನು ಎಂ.ಎ. ಓದಿರೋನು, ಕುಂತು ಮಾತಾಡ್ಸಿ ನೋಡು. ಆಗಲ್ಲ ಅಂತ ನೀನಂದ್ರೆ ಸೈನ್ ಆಕ್ತಾಳೆ," ಎಂದು ಶನಿವಾರ ಬೆಳಿಗ್ಗೆ ನನಗೆ ಒಪ್ಪಿಸಿ ಕೆಲಸಕ್ಕೆ ಹೋದರು.

ಕೊಳ್ಳೇಗಾಲದ ಅವರ ಮನೆಯ ಜಗಲಿಯಲ್ಲಿ ಕುಳಿತೆವು. ಮೊದಲ ಕಿಂಡಿಯಲ್ಲಿ ಬಿಳಿ ಕಂಬದ ತುದಿ.

"ತಾಜ್ ಮಹಲು, ಮಿನಾರು. ಎಡಗಡೇದೋ ಬಲಗಡೇದೋ ದೇವರಾಣೆ ಯಾವೋನೂ ಏಳಕ್ಕಾಗಲ್ಲ."

ಎರಡನೆಯದು ಮೋನಾಲಿಸಾಳ ಕೈ; ಅದನ್ನೂ ಹೇಳಿದಳು. ಮೂರನೆಯದು ಕಲ್ಲಿನ ಚಕ್ರ.

"ಕೋನಾರ್ಕು. ಹಂಪಿ ಚಕ್ರಕ್ಕೆ ಈ ತರ ಕಡ್ಡಿ ಇರಲ್ಲ."

ನಾಲ್ಕನೆಯದರಲ್ಲಿ ಒಂದರೊಳಗೊಂದು ಸಿಕ್ಕಿಕೊಂಡ ಕಲ್ಲಿನ ಬಳೆಗಳು. ಕಿಂಡಿ ಸರಿಸಿದರೂ ಆ ಚಿತ್ರದಲ್ಲಿ ಬಳೆಗಳಷ್ಟೇ ಇದ್ದವು.

"ಯಳಂದೂರು ಬಳೆಮಂಟಪ. ಆಚೆ ಕಡೆ, ಎಬ್ಬಾಗಿಲ ಮೂಲೆ."

ಇದು ಮೊದಲ ತಪ್ಪು ಎಂದುಕೊಂಡೆ. ಆ ಸರಪಳಿಯನ್ನು ನಾನು ಕಣ್ಣಾರೆ ಕಂಡಿದ್ದೆ. ಬಳೆಮಂಟಪ ದಾಟಿ ಹೋಗುವ ಗುಡಿಯ ಒಳಗೆ, ಅರೆಗತ್ತಲಲ್ಲಿ, ಚಾವಣಿಯಿಂದ ಇಳಿಬಿದ್ದಿತ್ತು. ಅಪ್ಪ ಹೆಗಲ ಮೇಲೆ ಎತ್ತಿ ಮುಟ್ಟಿಸಿದ್ದರು. ಆ ತಣ್ಣನೆಯ ಸ್ಪರ್ಶ ಬೆರಳಲ್ಲಿ ಇನ್ನೂ ಇತ್ತು.

"ಒಳಗಲ್ವಾ? ಯೋಚನೆ ಮಾಡಿ ಏಳು."

"ಆಚೆ ಅಂದ್ನಲ್ಲ." ಅವಳ ದನಿ ಬಿಗಿಯಾಯಿತು. "ಲೇ, ಇದು ಆಟ್ವಾ, ನಿನ್ನ ಯೂನಿವರ್ಸಿಟಿ ವೈವಾನಾ? ಅರ್ಜಿ ಟೀವಿ ಕೆಳಗದೆ ಕಣ್ಲಾ. ದಿನಾ ಧೂಳೊರೆಸೋಳು ನಾನೇ."

ಹುಡುಕಿ ನೋಡಲು ನಾನು ಫೋನ್ ತೆಗೆದೆ. ಅವಳು ಅದನ್ನು ಕಿತ್ತು ಬೋರಲಿಟ್ಟಳು.

"ಫೋನ್ ಬ್ಯಾಡ. ಬಸ್ಸದೆ, ಓಗಿ ನೋಡವ. ಒಳಗಿದ್ರೆ ಅಲ್ಲೇ ಸೈನ್ ಆಕ್ಬುಡ್ತೀನಿ."

ಅರ್ಜಿಯನ್ನು ಬ್ಯಾಗಿಗೆ ಹಾಕಿಕೊಂಡು, ನನ್ನ ಜೇಬಿನ ಪೆನ್ನನ್ನೂ ತೆಗೆದುಕೊಂಡಳು.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿದ್ದಳು. ಮಾಂಬಳ್ಳಿಯಲ್ಲಿ ಜನ ತುಂಬಿಕೊಂಡರು. ಯಾರೋ ಕಾಲು ತುಳಿದರೂ ಅವಳು ತಿರುಗಲಿಲ್ಲ. ಯಾರು ಏನು ಹೇಳಿದರೂ ಆಧಾರ ಕೇಳುವುದು ನನ್ನ ಚಾಳಿ. ಈ ಒಂದು ನೆನಪಿಗೆ ಮಾತ್ರ ನಾನು ಆಧಾರ ಕೇಳಿರಲಿಲ್ಲ. ಅದು ಸರಿಯಾಗಿದ್ದರೆ ಅಕ್ಕನ ಕೆಲಸ ಹೋಗುತ್ತದೆ. ತಪ್ಪಾಗಿದ್ದರೆ, ಅಪ್ಪನ ಬಗ್ಗೆ ನನ್ನಲ್ಲಿ ಉಳಿದಿರುವುದರಲ್ಲಿ ಇನ್ನೇನೇನು ಸುಳ್ಳೋ?

ಯಳಂದೂರಿನಲ್ಲಿ ಇಳಿದು ಅವಳೇ ಮುಂದೆ ನಡೆದಳು. ಹೆಬ್ಬಾಗಿಲ ಮೂಲೆಯಲ್ಲಿ, ಬಿಸಿಲಿನಲ್ಲಿ, ಕಲ್ಲಿನ ಬಳೆಗಳು ತೂಗುತ್ತಿದ್ದವು.

ಅಷ್ಟಕ್ಕೇ ಸುಮ್ಮನಾಗದೆ ನಾನು ಒಳಗೆ ಹೋಗಿ ತಲೆಯೆತ್ತಿ ನೋಡಿದೆ. ಬರೀ ಚಾವಣಿ. ಹೊರಗೆ ಬಂದಾಗ ಅಕ್ಕ ಪೆನ್ನು ಹಿಡಿದು ಮೆಟ್ಟಿಲ ಮೇಲೆ ಕುಳಿತಿದ್ದಳು. ಅರ್ಜಿ ತೊಡೆಯ ಮೇಲಿತ್ತು.

"ಒಳಗೆ ಇಲ್ಲ," ಎಂದೆ. "ಆದರೆ ಅಪ್ಪ ನನ್ನ ಎತ್ಕೊಂಡು..."

"ಎತ್ಕೊಂಡಿದ್ದು ನನ್ನ. ನೀನು ಬಂದೇ ಇರ್ನಿಲ್ಲ. ಜ್ವರ ಅಂತ ಮನೇಲಿ ಮಲಗಿದ್ದೆ. ನಾನ್ ಬಂದು ಏಳಿದ್ಕೆ ಒಂದಿನ ಪೂರ್ತಿ ಅತ್ತೆ."

ಇದು ನಿಜವೋ ಅಲ್ಲವೋ, ಅದಕ್ಕೂ ಸಾಕ್ಷಿಯಿಲ್ಲ. ಕೇಳಬಹುದಾಗಿದ್ದ ಅಪ್ಪ ಈಗಿಲ್ಲ. ಭಾವನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ.

"ಎಷ್ಟು ತಪ್ಪಿದ್ಲು?" ಎಂದರು.

"ಒಂದೂ ಇಲ್ಲ. ತಪ್ಪಿದೋನು ನಾನು. ಸೋಮವಾರ ಹನೂರು ಬಸ್ಸಿಗೆ ನಾನೇ ಅತ್ತಿಸ್ತೀನಿ ಭಾವ."

"ಮತ್ತೆ ಆ ಹಾಲು?"

ಅಕ್ಕ ಫೋನಿನತ್ತ ಬಗ್ಗಿದಳು. "ಮದುವೆಯಾದಾಗಿಂದ ಉಕ್ಕುಸ್ತಾನೇ ಇವ್ನಿ. ಈಗ ಕಂಡ್ತಾ ನಿಮ್ಗೆ?"

"ಆಯ್ತು, ಓಗ್ಲಿ," ಎಂದರು ಭಾವ.

ಅಕ್ಕ ಅರ್ಜಿಯನ್ನು ನಾಲ್ಕು ಮಡಿಕೆ ಮಡಚಿ ನನ್ನ ಕೈಗೆ ಕೊಟ್ಟಳು. ಪೆನ್ನು ಕೊಡಲಿಲ್ಲ.