ಹಂದಿ ಓಡಿಸುವ ಮೈಕಿನಲ್ಲಿದ್ದ ನಗು

ಸೋತ ಪ್ರೇಮಿಗಳಿಗೆಲ್ಲ ಕೇಳಿ ಅಳಲು ಒಂದೊಂದು ಹಾಡಿರುತ್ತದೆ. ನನಗೆ ಸಿಕ್ಕಿದ್ದು ಕಾಡುಹಂದಿಗಳಿಗೆ ಬೈದ ಬೈಗುಳ.

ದೊಡ್ಡಗಾಜನೂರಿನ ನಮ್ಮ ಜೋಳದ ಹೊಲದಲ್ಲಿ ಕಂಬಕ್ಕೆ ಮೈಕು ಕಟ್ಟಿದ್ದೇವೆ. ಸೊಪ್ಪು ಮಾರುವ ಗಾಡಿಯಲ್ಲಿರುವಂಥದ್ದೇ. ಒಂದು ಕೂಗು ತುಂಬಿಟ್ಟರೆ ಅದನ್ನೇ ಮತ್ತೆ ಮತ್ತೆ ಕೂಗುತ್ತದೆ. ಹೊಸದು ತುಂಬಿದರೆ ಹಳೆಯದು ಅಳಿಸಿಹೋಗುತ್ತದೆ. ಮೊದಲು ತುಂಬಲು ಹೋದವನು ನಾನೇ. ಕೆಂಪು ಗುಂಡಿ ಒತ್ತಿದೊಡನೆ ಏನು ಕೂಗಬೇಕೆಂದು ತೋಚದೆ, ಹಂದಿಗಳಿಗೆ ‘ನಮಸ್ಕಾರ’ ಎಂದುಬಿಟ್ಟೆ. ಪಕ್ಕದ ಹೊಲದಲ್ಲಿ ಕಳೆ ಕೀಳುತ್ತಿದ್ದ ಹುಡುಗಿ ಎದ್ದು ಬಂದಳು.

“ತತ್ತಾ ಇಲ್ಲಿ. ನೀನು ಕರುದ್ರೆ ಅಂದಿಗೋಳು ಎಲೆ ಆಕ್ಕಂಡು ಊಟಕ್ಕೆ ಕುಂತ್ಕತ್ತವೆ!”

ಮೈಕು ಕಸಿದುಕೊಂಡು, “ಓಯ್! ಓಗ್ಲಾ ಆಚೆಗೆ! ನಾಚ್ಕೆ ಆಗಕಿಲ್ವಾ ನಿಂಗೆ!” ಎಂದು ಕೂಗಿ, ನನ್ನ ಮುಖ ನೋಡಿ ನಕ್ಕಳು. ಆ ನಗುವೂ ಒಳಗೇ ಸೇರಿಕೊಂಡಿತು.

ಆ ಬೆಳೆ ಮುಗಿಯುವವರೆಗೂ ಮನಸ್ಸಿನ ಮಾತು ಹೇಳಲೆಂದು ಹೋಗಿ, ಪ್ರತಿ ಸಲವೂ ಔಷಧಿ ಹೊಡೆಯುವ ಡಬ್ಬ ಕೇಳಿಕೊಂಡು ಬಂದೆ. ನಮ್ಮ ಮನೆಯಲ್ಲೇ ಎರಡಿದ್ದವು. ಅವಳನ್ನು ಹಾಸನೂರಿಗೆ ಕೊಟ್ಟರು. ಮದುವೆಯಲ್ಲಿ ಸಾರು ಬಡಿಸುತ್ತ ಗಂಡಿನ ಸೋದರಮಾವನ ಬಿಳಿ ಪಂಚೆಗೆ ಅರ್ಧ ಬಕೆಟ್ ಸುರಿದೆ. ನನ್ನ ಪ್ರೇಮದ ಸಾಹಸ ಅಷ್ಟೇ.

ಆಮೇಲೆ ದಿನವೂ ಕೂಲಿ ಮುಗಿಸಿ ಬಂದು, ಸಂಜೆ ಮೈಕು ಹಾಕಿ, ಬದುವಿನ ಮೇಲೆ ಕೂತು ಬೈಸಿಕೊಳ್ಳುತ್ತಿದ್ದೆ. ಕೊನೆಯಲ್ಲಿ ಬರುವ ನಗುವಿಗೆ ಕಾಯುತ್ತಿದ್ದೆ.

ಈ ಸಲ ತೆನೆ ಕಟ್ಟುವ ಹೊತ್ತಿಗೆ ಹಂದಿಗಳು ಮೈಕಿನ ಬುಡದಲ್ಲೇ ಮೇಯ್ದು ಹೋದವು. ಅವ್ವ ಮುರಿದ ದಂಟುಗಳನ್ನು ನೋಡಿ ಮೈಕು ಬಿಚ್ಚಿ ತಂದಳು.

“ಅವ್ಳ ದನಿ ಅವುಕ್ಕೆ ಒಗ್ಗೋಗದೆ ಕಣ್ಲಾ. ನೀನೇ ಕೂಗು.”

“ಇನ್ನೊಂದ್ ವಾರ ಇರ್ಲಿ ಬುಡವ್ವ.”

“ಇನ್ನೊಂದ್ ವಾರ ಬುಟ್ರೆ ಜ್ವಾಳ ಇರಕಿಲ್ಲ.”

ಆ ದನಿಯನ್ನು ಫೋನಿಗೆ ಇಳಿಸಿಕೊಳ್ಳಬಹುದಿತ್ತು. ಹೊಲದಲ್ಲಿದ್ದರೆ ಅದು ಹಂದಿ ಓಡಿಸುವ ದನಿ. ಜೇಬಿನಲ್ಲಿಟ್ಟುಕೊಂಡರೆ ಇನ್ನೊಬ್ಬನ ಹೆಂಡತಿಯ ದನಿ. ಗುಂಡಿ ಒತ್ತಿ ಕೂಗಿದೆ.

ಅವ್ವ ತಲೆ ಚಚ್ಚಿಕೊಂಡಳು. “ಇದೇನ್ಲಾ, ಓಡುಸ್ತಿದ್ದಿಯೋ ಕರೀತಿದ್ದಿಯೋ?”

ಗಂಟಲು ಹರಿಯುವಂತೆ ಮತ್ತೆ ಕೂಗಿದೆ. ಹಂದಿಗಳು ಈಗ ಬರುತ್ತಿಲ್ಲ. ನಾನು ಮಾತ್ರ ಸಂಜೆ ಬದುವಿನ ಮೇಲೆ ಕೂತು, ನನ್ನದೇ ಕತ್ತೆದನಿ ಮುಗಿಯುವುದನ್ನು ಕಾಯುತ್ತೇನೆ. ನಗು ಇದ್ದ ಜಾಗದಲ್ಲಿ ಅವ್ವನ ಕೆಮ್ಮು ಬರುತ್ತದೆ.